ಒಂದು ಮೂಲೆ ಬಾಕಿ ಇರುವ ಗಾದಿಗಳ ಕುರಿತು

ಕಾರಾಗೃಹಗಳ ಕೈಗಾರಿಕೆಯನ್ನು ನೋಡಿಕೊಳ್ಳುವ ಮಾನ್ಯರೇ,

ನನ್ನ ತಮ್ಮನನ್ನು ದಯವಿಟ್ಟು ಪಾಸು ಮಾಡಿ. ನಾಲ್ಕು ವರ್ಷದಿಂದ ಅವನು ತಮ್ಮ ಜೈಲಿನ ಗಾದಿ ವಿಭಾಗದಲ್ಲಿ ‘ತರಬೇತಿಯಲ್ಲಿರುವ ಬಂದಿ’ ಆಗಿಯೇ ಉಳಿದಿದ್ದಾನೆ. ತರಬೇತಿಯಲ್ಲಿರುವವನಿಗೆ ತಾವು ಕೊಡುವ ದಿನಗೂಲಿ, ಕೆಲಸ ಬಲ್ಲ ಬಂದಿಗೆ ಕೊಡುವುದರ ಮೂರರಲ್ಲಿ ಒಂದು ಪಾಲೂ ಅಲ್ಲ. ಅದೂ ಕಳೆದ ವರ್ಷದಿಂದ ನಿಂತುಹೋಗಿದೆ. ಅವನು ಮಾಡಿದ ಗಾದಿಗಳು ಮಾತ್ರ ಒಂದು ದಿನವೂ ನಿಲ್ಲದೆ ಲಾರಿ ಹತ್ತುತ್ತಿವೆ, ಮಾರಾಟವಾಗುತ್ತಿವೆ, ಜನ ಅವುಗಳ ಮೇಲೆ ಮಲಗಿ ಗೊರಕೆಯನ್ನೂ ಹೊಡೆಯುತ್ತಿದ್ದಾರೆ. ಕಲಿಯುವವನು ಮಾಡಿದ ಗಾದಿಯ ಮೇಲೆ ಊರಿಗೆಲ್ಲ ನಿದ್ದೆ ಬರುತ್ತದೆ ಎಂದಾದರೆ, ಅವನು ಕಲಿತು ಮುಗಿಸಿದ್ದಾನೆ ಎಂದು ಅರ್ಥವಲ್ಲವೇ?

ಯಾರಿವಳು, ನಡುವೆ ಬಾಯಿ ಹಾಕುವವಳು ಎಂದು ತಮಗೆ ಅನಿಸಬಹುದು. ನನ್ನ ಹೆಸರು ಹೀರಾಬಿ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನ ಗಂಡ ಶಾಮೀದಸಾಬರೂ ನಾನೂ ಗಾದಿ ಅಂಗಡಿ ನಡೆಸುತ್ತೇವೆ. ಅಂಗಡಿ ಅವರ ಹೆಸರಿನಲ್ಲಿದೆ, ಅಂಗಡಿಯ ಜಗಳಗಳೆಲ್ಲ ನನ್ನ ಹೆಸರಿನಲ್ಲಿವೆ. ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ ಮತ್ತು ತಲೆದಿಂಬು ತುಂಬಿ ಹೊಲಿಯುವುದು ನಮ್ಮ ಹಿರೀಕರ ಕಾಲದಿಂದ ಬಂದ ಕಸುಬು. ಮಾನ್ವಿಯ ನಮ್ಮ ತವರಿನಲ್ಲಿ ತಮ್ಮ ಹುಸೇನಪೀರ ಹುಟ್ಟಿದಾಗ ಅವನನ್ನು ಮೊದಲು ಮಲಗಿಸಿದ್ದೇ ಹಿಂಜಿದ ಹತ್ತಿಯ ರಾಶಿಯ ಮೇಲೆ. ಅಂಥವನಿಗೆ ತಾವು ಗಾದಿ ಮಾಡುವುದು ಹೇಗೆಂದು ನಾಲ್ಕು ವರ್ಷದಿಂದ ಕಲಿಸುತ್ತಿದ್ದೀರಿ. ತಮ್ಮ ತಾಳ್ಮೆ ದೊಡ್ಡದು.

ಅವನು ಭಾರಿ ಕಸುಬುದಾರ ಎಂದು ನಾನು ಹೊಗಳಲು ಹೊರಟಿಲ್ಲ. ಅಕ್ಕನಾದ ಮಾತ್ರಕ್ಕೆ ಸುಳ್ಳು ಹೇಳಲಾರೆ. ಅವನ ಹೊಲಿಗೆ ನನ್ನ ಹೊಲಿಗೆಗಿಂತ ಒಂದು ಕೈ ಕಡಿಮೆಯೇ. ಹತ್ತಿಯನ್ನು ನಡುವೆ ಜಾಸ್ತಿ ತುಂಬಿ ಅಂಚಿಗೆ ಕಂಜೂಸತನ ಮಾಡುತ್ತಾನೆ. ಗಾದಿ ಅರ್ಧಕ್ಕೆ ಬಿಟ್ಟು ಬೀಡಿ ಸೇದಲು ಎದ್ದರೆ ಬೀಡಿ ಮುಗಿದ ಎಷ್ಟೋ ಹೊತ್ತಿಗೆ ಬರುತ್ತಾನೆ. ಆದರೆ ಸೋಮಾರಿ ಎನ್ನುವುದು ಬೇರೆ, ಕೆಲಸ ಬಾರದವ ಎನ್ನುವುದು ಬೇರೆ. ಸರ್ಕಾರಿ ಕಚೇರಿಯಲ್ಲಿ ಇರುವ ತಮಗೆ ಈ ವ್ಯತ್ಯಾಸ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಾದಿ ವಿಭಾಗಕ್ಕೆ ತಾವು ಕಳಿಸಿದ ಬೋಧಕರು ಅಂಗಿ, ಪೈಜಾಮ ಹೊಲಿಯುವವರಂತೆ. ಒಳ್ಳೆಯ ಮನುಷ್ಯರು. ಮೊದಲ ದಿನವೇ ಹುಸೇನಪೀರನ ಪಕ್ಕ ಕೂತು “ನಂಗೂ ಒಂಚೂರು ತೋರ್ಸಪಾ, ಇದು ಹೆಂಗ ತುಂಬೋದು” ಎಂದು ಕೇಳಿದರಂತೆ. ಈಗ ಅವರಿಗೆ ಬರುತ್ತದೆ. ಅವರ ಸಂಬಳವೂ ತಿಂಗಳ ಮೊದಲ ವಾರ ಬರುತ್ತದೆ. ಹುಸೇನಪೀರ ಮಾತ್ರ ಶಿಷ್ಯನಾಗಿಯೇ ಮುಂದುವರಿದಿದ್ದಾನೆ.

ಯಾವ ಜೈಲು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನನ್ನು ಇನ್ನೊಂದು ಜೈಲಿಗೆ ಸಾಗಿಸಿ, ಅಲ್ಲಿ ತರಬೇತಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿಸುವ ಉತ್ಸಾಹ ತಮ್ಮ ವಿಭಾಗಕ್ಕೆ ಬರಬಹುದು. ತಾವು ಮನಸ್ಸು ಮಾಡಿದರೆ ಅವನು ಸಿಗುತ್ತಾನೆ. ಹುಡುಕಿಕೊಂಡು ಹೋದಾಗ ಮನೆಯಲ್ಲಿಲ್ಲ ಎನ್ನುವ ಅನುಕೂಲ ಅವನಿಗಿಲ್ಲ.

ಅವನು ಮಾಡಿದ್ದು ತಪ್ಪೇ. ಅದನ್ನು ಮುಚ್ಚಿಟ್ಟು ಕೂಲಿ ಕೇಳುವುದು ನ್ಯಾಯವಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಸುಗ್ಗಿ ಮುಗಿದ ಮೇಲೆ ಅವನು ಊರೂರು ತಿರುಗಿ, ಹಳೆಯ ಗಾದಿ ಬಿಚ್ಚಿ, ಹತ್ತಿ ಬಡಿದು ಹೊಸದಾಗಿ ಹೊಲಿದುಕೊಡುತ್ತಿದ್ದ. ದೇವದುರ್ಗದಲ್ಲಿ ಒಂದು ದಿನ ರಸ್ತೆಬದಿಯಲ್ಲಿ ಹತ್ತಿ ಹರಡಿಕೊಂಡು ಕೂತ. ಗಾಳಿ ಬೀಸುವ ಕಡೆ ಹನುಮಂತ್ರಾಯ ಎಂಬವರ ಮಿರ್ಚಿ ಬಂಡಿ ಇತ್ತು. ಹತ್ತಿಯ ಎಳೆಗಳು ಹಾರಿ ಅವರ ಕಾದ ಎಣ್ಣೆಗೆ ಬಿದ್ದವು. ಅವರು ಜಾಗ ಬಿಡು ಎಂದರು, ಇವನು ಇಷ್ಟು ಮುಗಿಸಿ ಬಿಡುತ್ತೇನೆ ಎಂದ. ಗಿರಾಕಿಯೊಬ್ಬ ಮಿರ್ಚಿಯೊಳಗಿಂದ ಹತ್ತಿ ಎಳೆದು ತೋರಿಸಿ ನಕ್ಕ. ಮಾತಿಗೆ ಮಾತು ಬೆಳೆಯಿತು, ಅವರು ಇವನ ಹತ್ತಿಯ ಮೇಲೆ ನೀರು ಚೆಲ್ಲಿದರು, ಇವನು ಹತ್ತಿ ಬಡಿಯುವ ಕೋಲನ್ನು ಬೀಸಿದ. ಹನುಮಂತ್ರಾಯರ ಬಲ ಮೊಣಕೈ ಚೂರಾಯಿತು. ಮೂಳೆ ಕೂಡಿದೆ, ಕೈ ಮಡಚುವುದಿಲ್ಲ.

ನ್ಯಾಯಾಲಯ ಐದು ವರ್ಷ ಕಠಿಣ ಸಜೆ ಕೊಟ್ಟಿತು. ಅದರ ಜೊತೆಗೆ ಅರವತ್ತು ಸಾವಿರ ದಂಡ, ಆ ದಂಡವನ್ನು ಹನುಮಂತ್ರಾಯರಿಗೆ ಪರಿಹಾರವಾಗಿ ಕೊಡಬೇಕು, ಕಟ್ಟದಿದ್ದರೆ ಇನ್ನೂ ಒಂದು ವರ್ಷ ಒಳಗೆ ಎಂದಿತು. ಸರಿಯಾದ ತೀರ್ಪು. ಅಂಗಡಿಯ ಮೇಲೆ ಸಾಲ ತೆಗೆದು ಕಟ್ಟಿಬಿಡುತ್ತೇನೆ ಎಂದು ನಾನು ಹೇಳಿದಾಗ ಹುಸೇನಪೀರ ಒಪ್ಪಲಿಲ್ಲ. “ಹೊಡದಾಂವ ನಾನು, ತುಂಬಾಂವ ನಾನ. ಒಳಗ ಕೆಲಸ ಕೊಡ್ತಾರಂತ, ಕೂಲಿ ಕೊಡ್ತಾರಂತ. ನೀ ಸುಮ್ಕಿರಕ್ಕಾ” ಎಂದ. ಜೀವಮಾನದಲ್ಲಿ ಅವನು ಆಡಿದ ಮೊದಲ ಜವಾಬ್ದಾರಿಯ ಮಾತು ಅದು. ನಾನು ನಂಬಿದೆ. ತಾವು ಕೂಲಿ ಹೆಚ್ಚಿಸಿದ್ದೀರೆಂದು ಪತ್ರಿಕೆಯಲ್ಲಿ ಓದಿ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದೆ. ಹೆಚ್ಚಿಸಿದ ಕೂಲಿ ಕೆಲಸ ಬಲ್ಲವರಿಗೆ, ಕೆಲಸ ಬಲ್ಲವರು ಯಾರೆಂದು ತೀರ್ಮಾನಿಸುವವರು ತಾವು, ತಾವು ಯಾರನ್ನೂ ಪಾಸು ಮಾಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಬರುವ ಬಕ್ರೀದಿನ ಹೊತ್ತಿಗೆ ಅವನ ಐದು ವರ್ಷ ಮುಗಿಯುತ್ತದೆ. ಬಲ್ಲವನ ಕೂಲಿ ಸಿಕ್ಕಿದ್ದರೆ ಅರವತ್ತು ಸಾವಿರ ಎಂದೋ ತೀರುತ್ತಿತ್ತು. ಶಿಷ್ಯನ ಕೂಲಿಯಲ್ಲಿ, ಊಟದ ಖರ್ಚು ಅದು ಇದು ಎಂದು ಮುರಿದುಕೊಂಡ ಮೇಲೆ, ಅರ್ಧವೂ ಆಗಿಲ್ಲ. ಹಾಗಾದರೆ ಹಬ್ಬ ಕಳೆದ ಮೇಲೂ ಅವನು ಇನ್ನೊಂದು ವರ್ಷ ತಮ್ಮಲ್ಲೇ ಇರುತ್ತಾನೆ, ಅದೇ ಅಗ್ಗದ ಕೂಲಿಗೆ ಗಾದಿ ತುಂಬುತ್ತಾನೆ. ಕೂಲಿ ಕಡಿಮೆ ಕೊಟ್ಟಷ್ಟೂ ಕೂಲಿಯಾಳು ಹೆಚ್ಚು ದಿನ ಉಳಿಯುವ ಇಂಥ ಕಾರ್ಖಾನೆ ಹೊರಗೆ ಯಾವ ಸಾಹುಕಾರನಿಗೂ ಸಿಕ್ಕಿಲ್ಲ. ಇದು ಯೋಜನೆಯಲ್ಲ, ಆಕಸ್ಮಿಕ ಎಂದೇ ನಾನು ನಂಬುತ್ತೇನೆ. ನಂಬದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಗಾದಿ ಮಾರುವವಳೇ ನಿದ್ದೆಗೆಟ್ಟ ಮುಖ ಹೊತ್ತು ಕೂತರೆ ಗಿರಾಕಿ ಬರುವುದಿಲ್ಲ.

ಈಗ ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ, ತಾವಾಗಿಯೇ ಕಂಡುಹಿಡಿಯುವ ತೊಂದರೆ ಬೇಡ. ಮಾನ್ವಿ ಕಡೆಯ ಒಂದು ಹೆಣ್ಣುಮಕ್ಕಳ ವಸತಿ ನಿಲಯಕ್ಕೆ ಗಾದಿ ಕೊಡುವ ಕೆಲಸ ಪ್ರತಿ ಬಾರಿ ನಮ್ಮ ಅಂಗಡಿಗೇ ಬರುತ್ತಿತ್ತು. ಕಳೆದ ವರ್ಷ ಅದು ತಮ್ಮ ಜೈಲಿಗೆ ಹೋಯಿತು. ಅಷ್ಟು ಕಡಿಮೆ ಬೆಲೆಗೆ ನಾನು ಕೊಡಬೇಕೆಂದರೆ ಹತ್ತಿಯ ಬದಲು ಗಾಳಿ ತುಂಬಬೇಕು. ನನ್ನ ಬಾಯಿಂದ ಅನ್ನ ಕಸಿದವರು ಯಾರೆಂದು ವಿಚಾರಿಸಿದರೆ, ಆ ಗಾದಿಗಳನ್ನು ತುಂಬಿದವನು ಹುಸೇನಪೀರನೇ. ನನ್ನ ಗಂಡ ಚಹಾ ಕುಡಿಯುತ್ತಾ ಹೇಳಿದರು, “ಹೊರಗಿದ್ದಾಗ ನಮ್ಮ ಅಂಗಡ್ಯಾಗ ಒಂದು ಗಾದಿ ಮುಗಸ್ಲಿಕ್ಕೆ ಹತ್ತು ಸಲ ಬೈಸಿಕೊಂತಿದ್ದ. ಒಳಗ ಹೋಗಿ ನಮ್ಮ ಆರ್ಡರನ ಹೊಡಕೊಂಡ ನೋಡು ನಿನ್ನ ತಮ್ಮ.” ಒಡಹುಟ್ಟಿದವನಿಗೆ ಸೋತೆ ಎಂದು ಸಮಾಧಾನ ಮಾಡಿಕೊಳ್ಳೋಣ ಎಂದರೆ, ಗೆದ್ದವನ ಕೈಯಲ್ಲೂ ಏನಿಲ್ಲ.

ಊಟ, ಬಟ್ಟೆ, ನೆರಳು ಎಲ್ಲ ಕೊಡುತ್ತೇವಲ್ಲ, ಕೂಲಿ ಕಡಿಮೆಯಾದರೇನು ಎಂದು ತಾವು ಕೇಳಬಹುದು. ನಮ್ಮ ಅಂಗಡಿಯಲ್ಲಿ ಚಂದ್ರಬಂಡದ ತಾಯಣ್ಣ ಎಂಬವನು ಕೆಲಸ ಮಾಡುತ್ತಾನೆ. ಮಧ್ಯಾಹ್ನದ ರೊಟ್ಟಿ ನಮ್ಮ ಮನೆಯಲ್ಲೇ ತಿನ್ನುತ್ತಾನೆ, ಚೆನ್ನಾಗಿಯೇ ತಿನ್ನುತ್ತಾನೆ. ಹೋದ ವರ್ಷ ಕಾರ್ಮಿಕ ಇಲಾಖೆಯ ಸಾಹೇಬರೊಬ್ಬರು ಅಂಗಡಿಗೆ ಬಂದು ಕನಿಷ್ಠ ಕೂಲಿಯ ಫಲಕ ಎಲ್ಲಿ ಎಂದು ನನ್ನನ್ನು ಗದರಿಸಿದರು. ಗಾದಿಗಳ ಹಿಂದೆ ಬಿದ್ದಿದ್ದ ಫಲಕವನ್ನು ಒರೆಸಿ ಬಾಗಿಲಿಗೆ ತೂಗುಹಾಕಿಸಿದರು. ರೊಟ್ಟಿಯ ಲೆಕ್ಕ ಹಿಡಿದು ಕೂಲಿ ಮುರಿಯಬಹುದೇ ಎಂದು ನಾನು ಸುಮ್ಮನೆ ಕೇಳಿದ್ದಕ್ಕೆ, ಹಾಗೇನಾದರೂ ಮಾಡಿದರೆ ಕೇಸು ಹಾಕುತ್ತೇನೆ ಎಂದರು. ಅವರೂ ಸರ್ಕಾರ, ತಾವೂ ಸರ್ಕಾರ. ಒಂದು ದಿನ ಆ ಸಾಹೇಬರು ದಾರಿ ತಪ್ಪಿ ತಮ್ಮ ಗಾದಿ ವಿಭಾಗಕ್ಕೆ ಬಂದರೆ ಏನಾಗುತ್ತದೆ ಎಂದು ನೋಡುವ ಆಸೆ ನನಗಿದೆ. ನ್ಯಾಯಾಧೀಶರು ಶಿಕ್ಷೆ ಬರೆದರು, ಅದರಲ್ಲಿ ಐದು ವರ್ಷ ಇದೆ, ದಂಡ ಇದೆ. ಕೂಲಿ ಕಡಿತ ಎಂಬ ಶಿಕ್ಷೆ ಅದರಲ್ಲಿಲ್ಲ. ಅದನ್ನು ಆಮೇಲೆ ಯಾರು ಸೇರಿಸಿದರು?

ಇನ್ನು ಮೂಲೆಯ ವಿಷಯ. ಇದರ ಬಗ್ಗೆ ತಮ್ಮ ವಿಭಾಗ ವಿಚಾರಣೆ ನಡೆಸಿದೆ, ವರದಿ ಬರೆದಿದೆ. ಮೂಲೆ ಯಾಕೆ ಬಿಟ್ಟೆ ಎಂದು ಹೊಲಿದವನನ್ನು ಒಂದು ಮಾತು ಕೇಳುವುದು ಮಾತ್ರ ಮರೆತಿದೆ. ವಸತಿ ನಿಲಯಕ್ಕೆ ಬಂದ ಜೈಲಿನ ಗಾದಿಗಳಲ್ಲಿ ಕಾಲಿನ ಕಡೆಯ ಬಲಮೂಲೆಯನ್ನು ಹೊಲಿದಿರಲಿಲ್ಲ. ಹೆಣ್ಣುಮಕ್ಕಳು ರಾತ್ರಿ ಕಾಲು ಚಾಚಿದರೆ ಹತ್ತಿ ಹೊರಗೆ, ಬೆಳಿಗ್ಗೆ ಎದ್ದರೆ ಕೋಣೆ ತುಂಬ ಹತ್ತಿ, ಸೀನು ಬೇರೆ. ದೂರು ಹೋಯಿತು. ತಮ್ಮ ಸಾಹೇಬರು ಬಂದು ನೋಡಿ, ಕೆಲಸ ಕಳಪೆ ಎಂದು ಬರೆದರು. ಗಾದಿ ಹಾಳಾದ ನಷ್ಟವನ್ನು ಬಂದಿಯ ಕೂಲಿಯಿಂದ ವಸೂಲಿ ಮಾಡತಕ್ಕದ್ದು ಎಂದರು. ಮೂಲೆ ಹೊಲಿಯಲು ಇನ್ನೂ ಬಾರದ ಕಾರಣ ಸದರಿ ಬಂದಿಯ ತರಬೇತಿಯನ್ನು ಮುಂದುವರಿಸತಕ್ಕದ್ದು ಎಂದೂ ಸೇರಿಸಿದರು. ಮಾನ್ಯರೇ, ಎಲ್ಲ ಗಾದಿಗಳಲ್ಲೂ ಅದೇ ಮೂಲೆ, ಅದೇ ಒಂದು ಗೇಣು. ಕೆಲಸ ಬಾರದವನ ಕೈ ಒಂದೊಂದು ಗಾದಿಗೆ ಒಂದೊಂದು ರೀತಿ ತಪ್ಪುತ್ತದೆ. ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ತಪ್ಪುತ್ತಾರೆಯೇ?

ಆಮೇಲೆ ತಮ್ಮ ಕಡೆಯಿಂದ ಒಂದು ದೊಡ್ಡ ತಮಾಷೆ ನಡೆಯಿತು. ಮೂಲೆಗಳನ್ನು ಹೊಲಿಸಲು ಹತ್ತಿರದ ಗಾದಿ ಅಂಗಡಿ ಹುಡುಕಿ, ಆ ರಿಪೇರಿಯ ಕೆಲಸವನ್ನು ನಮಗೇ ಕೊಟ್ಟರು. ಒಂದು ಮೂಲೆ ಹೊಲಿಯಲು ನನಗೆ ಒಪ್ಪಿದ ದರ, ಇಡೀ ಗಾದಿ ತುಂಬಿ ಹೊಲಿದ ಹುಸೇನಪೀರನ ಒಂದು ದಿನದ ಕೂಲಿಗಿಂತ ಹೆಚ್ಚು. ನಾನು ದಬ್ಬಣ, ದಾರ ತೆಗೆದುಕೊಂಡು ಬಸ್ಸು ಹತ್ತಿ ಮಾನ್ವಿಗೆ ಹೋದೆ. ನಿಲಯದ ಮೇಲ್ವಿಚಾರಕಿ ಮೌನೇಶ್ವರಿ ಒಂದು ಗಾದಿ ಎಳೆದು ತಂದು, “ನೋಡ್ರಿ ಹೀರಾಬಿ, ಎಂಥಾ ಕೆಲಸ ಮಾಡ್ಯಾರ. ನಿಮ್ಮ ಗಾದಿ ಇದ್ದಾಗ ಹಿಂಗ ಇರ್ಲಿಲ್ಲ” ಎಂದರು. ನಾನು ಮೂಲೆ ನೋಡಿದೆ. ಬಟ್ಟೆಯನ್ನು ಒಳಕ್ಕೆ ಮಡಚಿ, ಮುಂದಿನ ಹೊಲಿಗೆಗೆಂದು ಮೊಳ ಉದ್ದದ ದಾರವನ್ನು ಹಾಗೇ ಸುತ್ತಿ ಇಟ್ಟಿತ್ತು. ನನಗೆ ಅಲ್ಲೇ ನಗು ಬಂತು, ಕೂತುಕೊಂಡು ನಕ್ಕೆ. ಮೌನೇಶ್ವರಿ ಗಾಬರಿಯಾಗಿ ನೀರು ತರಿಸಿದರು.

ನಗಲು ಕಾರಣವಿದೆ. ನಮ್ಮ ಮನೆತನದಲ್ಲಿ, ಬೇರೆ ಪಿಂಜಾರರದು ನನಗೆ ಗೊತ್ತಿಲ್ಲ, ನಮ್ಮಜ್ಜನ ಕಾಲದಿಂದ ಒಂದು ಪದ್ಧತಿ ಇದೆ. ಗಾದಿಯ ಕೊನೆಯ ಮೂಲೆಯನ್ನು ಒಂದು ಗೇಣು ಬಿಟ್ಟೇ ಇಡುತ್ತೇವೆ. ಗಿರಾಕಿ ಬಂದು ಆ ಮೂಲೆಯೊಳಗೆ ಕೈ ಹಾಕಿ, ಹೊಸ ಹತ್ತಿಯೋ ಚಿಂದಿಯೋ ನೋಡುತ್ತಾನೆ. ಒಪ್ಪಿಗೆಯಾದರೆ ಹೊಲಿದವನ ಕೂಲಿಯನ್ನು ಅವನ ಕೈಗೆ ಇಡುತ್ತಾನೆ. ಆಗ ಅವನ ಕಣ್ಣೆದುರೇ ಮೂಲೆ ಹೊಲಿದು, ಗಾದಿ ಸುತ್ತಿ ಕೊಡುತ್ತೇವೆ. ಗಿರಾಕಿಗೂ ಮೋಸವಿಲ್ಲ, ಕೆಲಸಗಾರನಿಗೂ ಮೋಸವಿಲ್ಲ. ಕೂಲಿ ಕೈಗೆ ಬರುವ ಮೊದಲು ಮೂಲೆ ಹೊಲಿದದ್ದಕ್ಕೆ ನಮ್ಮಪ್ಪ ಹುಸೇನಪೀರನಿಗೆ ಚಿಕ್ಕಂದಿನಲ್ಲಿ ಏಟು ಕೊಟ್ಟಿದ್ದುಂಟು. ಅಪ್ಪ ಹೇಳಿದ ನೂರು ಮಾತಿನಲ್ಲಿ ಅವನ ತಲೆಯಲ್ಲಿ ಉಳಿದದ್ದು ಇದೊಂದೇ. ಉಳಿದದ್ದು ಹೋಗಿ ಜೈಲಿನಲ್ಲಿ ಕೆಲಸಕ್ಕೆ ಬಂತು.

ಮುಂದಿನ ವಾರ ಅವನ ಭೇಟಿಗೆ ಹೋಗಿ, ಜಾಲರಿಯ ಈಚೆಯಿಂದ ಕೇಳಿದೆ, “ಲೇ ಹುಸೇನಾ, ಮೂಲಿ ಯಾಕ ಬಿಟ್ಟಿ?”

“ಕೂಲಿ ಬಂದಿಲ್ಲಲ್ಲಕ್ಕಾ” ಎಂದ, ಇದೆಂಥ ಪ್ರಶ್ನೆ ಎನ್ನುವ ಹಾಗೆ.

“ಇದು ಅಪ್ಪನ ಅಂಗಡಿ ಅಲ್ಲಲೇ. ಜೈಲು.”

“ಜೈಲಾದ್ರೇನು, ಗಾದಿ ಗಾದಿನ ಅಲ್ಲೇನು? ಮಾಸ್ತರಗ ಹೇಳಿದ್ದೆ. ಸಾಹೇಬ್ರು ಯಾರರ ಬಂದು ಕೈ ಹಾಕಿ ನೋಡ್ಲಿ, ಕೂಲಿ ಕೊಡ್ಲಿ, ಅಲ್ಲೇ ನಿಂತು ಎಲ್ಲಾ ಮೂಲಿ ಹೊಲದು ಕೊಡ್ತೀನಿ ಅಂದೆ. ಆತಾತು, ಬರ್ತಾರ ಅಂದ್ರು. ನಾ ದಾರ ಸೈತ ಇಟ್ಟು ಕಾಯಾಕತ್ತಿದ್ದೆ. ಒಂದಿನ ಕೆಲಸಕ್ಕ ಬಂದು ನೋಡ್ತೀನಿ, ಗಾದಿ ಇಲ್ಲ. ಲಾರಿ ಬಂದು ಒಯ್ದಿತ್ತು.”

“ಮತ್ತ ವಿಚಾರಣೆಗೆ ಬಂದ ಸಾಹೇಬ್ರಿಗೆ ಇದನ್ನ ಹೇಳಬೇಕಿಲ್ಲೋ?”

“ಅವರು ನನ್ನ ಕೇಳ್ಲೇ ಇಲ್ಲಕ್ಕಾ. ಮೂಲಿ ನೋಡಿ ಹೋದ್ರು.” ಆಮೇಲೆ ಜಾಲರಿಗೆ ಮುಖ ತಂದು, “ಬಿಟ್ಟಿದ್ದು ತಪ್ಪಾತೇನು?” ಎಂದ.

ಮುಷ್ಕರವಲ್ಲ, ಸೇಡಲ್ಲ, ಕಿತಾಪತಿಯೂ ಅಲ್ಲ. ಕೂಲಿ ಬರುತ್ತದೆ ಎಂದು ನಂಬಿ ಅವನು ಮೂಲೆ ಬಿಟ್ಟಿದ್ದಾನೆ. ತಮ್ಮ ವಿಭಾಗದ ಮೇಲೆ ಅಷ್ಟು ನಂಬಿಕೆ ಇಟ್ಟ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ. ಅವನಿಗೇ ತಾವು ದಂಡ ಹಾಕಿದ್ದೀರಿ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ರಿಪೇರಿಯ ಕೆಲಸ ನಾನು ಮಾಡಿಲ್ಲ. ಮಾಡಿದ್ದರೆ ಲಾಭವೇ ಇತ್ತು. ಅಷ್ಟೂ ಗಾದಿಯ ಮೂಲೆ ಹೊಲಿದು ಬಂದ ರೊಕ್ಕವನ್ನು ಹುಸೇನಪೀರನ ದಂಡಕ್ಕೆ ಸೇರಿಸಬಹುದಿತ್ತು. ಸರ್ಕಾರ ತಮ್ಮನಿಗೆ ಕೊಡದ ಕೂಲಿಯನ್ನು ಅಕ್ಕನಿಗೆ ಕೊಡುವುದು, ಅಕ್ಕ ಅದನ್ನು ಸರ್ಕಾರಕ್ಕೇ ಕಟ್ಟುವುದು. ಸುತ್ತು ಬಳಸಿಯಾದರೂ ರೊಕ್ಕ ಊರು ಸೇರುತ್ತಿತ್ತು. ಆದರೆ ಬಿಲ್ಲು ಪಾಸಾಗಬೇಕಾದರೆ ‘ಬಂದಿಯ ಕಳಪೆ ಕೆಲಸವನ್ನು ಸರಿಪಡಿಸಲಾಯಿತು’ ಎಂದು ನಾನು ಸಹಿ ಹಾಕಬೇಕಂತೆ. ಆ ಸಹಿ ಬಿದ್ದರೆ ಅವನು ಕೆಲಸ ಬಾರದವನೆಂದು ಪಿಂಜಾರರ ಬಾಯಿಂದಲೇ ಸಾಬೀತಾಗುತ್ತದೆ, ವಸೂಲಿಯೂ ಖಾಯಂ, ತರಬೇತಿಯೂ ಖಾಯಂ. ಹಾಗಾಗಿ ಮತ್ತೊಮ್ಮೆ ಮಾನ್ವಿಗೆ ಹೋಗಿ, ಮಕ್ಕಳಿಗೆ ಹತ್ತಿ ಚೆಲ್ಲದಿರಲೆಂದು ತಾತ್ಕಾಲಿಕವಾಗಿ ಮೂಲೆಗೆ ನಾಲ್ಕು ಟಾಕಿ, ಅಂದರೆ ಬಿಡಿ ಹೊಲಿಗೆ, ಹಾಕಿಕೊಟ್ಟು ಬಂದಿದ್ದೇನೆ. ಅದಕ್ಕೆ ಬಿಲ್ಲು ಕಳಿಸುವುದಿಲ್ಲ.

ಟಾಕಿ ಹಾಕಿ ಮುಗಿಸಿದ ದಿನವೇ ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆ. ಹನುಮಂತ್ರಾಯರಿಗೆ ಪರಿಹಾರ ತಡವಾಗುತ್ತದೆ ಎಂದು ಹೇಳಿ ಬರುವುದು ನನ್ನ ಕರ್ತವ್ಯ ಅನಿಸಿತ್ತು. ಮಿರ್ಚಿ ಬಂಡಿ ಅಲ್ಲೇ ಇದೆ. ಈಗ ಎಣ್ಣೆಯ ಮುಂದೆ ನಿಲ್ಲುವವರು ಅವರ ಹೆಂಡತಿ ಬಸವಂತಮ್ಮ. ಹನುಮಂತ್ರಾಯರು ಪಕ್ಕದ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ಕಾಗದ ಹರಿದು ಗಿರಾಕಿಗೆ ಕೊಡುತ್ತಿದ್ದರು. ಬಲಗೈ ತೊಡೆಯ ಮೇಲೆ ನೆಟ್ಟಗೆ ಚಾಚಿಕೊಂಡಿತ್ತು. ನಾನು ಯಾರೆಂದು ಹೇಳಿದೆ. ಬಸವಂತಮ್ಮ ಮುಖ ತಿರುಗಿಸಿದರು. ಕೂಡಿ ಎನ್ನಲಿಲ್ಲ. ನಾನು ನಿಂತೇ ಇದ್ದೆ.

“ಅವನ ಮ್ಯಾಲ ನಂಗ ಕರುಣಾ ಇಲ್ಲ, ಖರೇನ ಹೇಳ್ತೀನಿ” ಎಂದರು ಬಸವಂತಮ್ಮ, ಜಾರೆಯಿಂದ ಮಿರ್ಚಿ ತಿರುವುತ್ತಾ. “ಒಳಗ ಆರಾಮಿರಬೇಕು. ಮೂರು ಹೊತ್ತು ಊಟ, ಮ್ಯಾಲ ಕೂಲಿ ಬ್ಯಾರೆ.”

“ಕೂಲಿ ಬಂದಿಲ್ಲ ಯವ್ವಾ, ಅದನ್ನ ಹೇಳಾಕ ಬಂದೀನಿ” ಎಂದೆ. ಎಷ್ಟು ಬರಬೇಕು ಎಂದು ಕೇಳಿದರು. ಶಿಷ್ಯನ ಒಂದು ದಿನದ ಕೂಲಿ ಎಷ್ಟೆಂದು ಹೇಳಿದೆ. ಜಾರೆ ನಿಂತಿತು. ಅವರು ಗಂಡನ ಕೈಯನ್ನು ನೋಡಿದರು, ನನ್ನನ್ನು ನೋಡಿದರು.

“ಇಷ್ಟರಾಗ ಅರವತ್ತು ಸಾವಿರ ಯಾವಾಗ ಆಕ್ಕದ? ಕೋರ್ಟಿನ್ಯಾಗ ಇವರ ಕೈಗೆ ಅರವತ್ತು ಸಾವಿರ ಅಂತ ಬೆಲಿ ಕಟ್ಟಿದ್ರು. ಅದನ್ನ ದುಡಿಯಾಂವಗ ಇಷ್ಟ ಕೊಟ್ರ, ನನ್ನ ಗಂಡನ ಕೈ ಅಷ್ಟು ಅಗ್ಗ ಏನ್ರಿ?”

ಹನುಮಂತ್ರಾಯರು ಕಾಗದ ಹರಿಯುವುದು ಬಿಟ್ಟು ನಿಧಾನವಾಗಿ ಕೇಳಿದರು, “ಅವ ಮಾಡಿದ ಗಾದಿ ಮಾರ್ಯಾವೇನು?”

“ಮಾರ್ಯಾವ್ರಿ. ರೊಕ್ಕನೂ ಬಂದದಂತ.”

“ಯಾರಿಗೆ?”

“ಸರ್ಕಾರಕ್ಕ.”

“ಹಂಗಾದ್ರ ನನ್ನ ರೊಕ್ಕ ನಿಮ್ಮ ತಮ್ಮನ ಹತ್ರ ಇಲ್ಲ” ಎಂದರು ಅವರು. “ಸರ್ಕಾರದ ಹತ್ರ ಅದ. ಇಷ್ಟು ದಿನ ನಾ ಸುಳ್ಳ ಅವನಿಗೆ ಬೈಯಾಕತ್ತಿದ್ದೆ. ಅಂದ್ರ, ಕೈ ಮುರದಿದ್ದಕ್ಕ ಬೈದಿದ್ದು ಸರಿನ ಅದ. ರೊಕ್ಕಕ್ಕ ಬೈದಿದ್ದು ತಪ್ಪು.”

ತಮ್ಮ ಕಚೇರಿಗೊಂದು ಪತ್ರ ಬರೆಯುತ್ತಿದ್ದೇನೆ ಎಂದು ನಾನು ಹೇಳಿದೆ. ಅವರು ಅದನ್ನು ಕಳಿಸುವ ಮೊದಲು ತಂದು ತೋರಿಸಲು ಹೇಳಿದರು. ಬಸವಂತಮ್ಮ ಒಂದು ತಟ್ಟೆಯಲ್ಲಿ ಎರಡು ಮಿರ್ಚಿ ಹಾಕಿ ನನ್ನ ಕಡೆ ಸರಿಸಿದರು, ದುಡ್ಡು ಕೇಳಿದರು, ಕೊಟ್ಟೆ. ಖಾರ ಚೆನ್ನಾಗಿತ್ತು.

ಮಾನ್ಯರೇ, ಕಾರಾಗೃಹದ ಕೂಲಿ ಎಂದರೆ ಕಳ್ಳಕಾಕರಿಗೆ ಕೊಡುವ ಉಡುಗೊರೆ ಎಂದು ನಮ್ಮ ಓಣಿಯಲ್ಲೂ ಬಹಳ ಜನ ಹೇಳುತ್ತಾರೆ. ಅವರನ್ನೆಲ್ಲ ನಾನು ದೇವದುರ್ಗದ ಆ ಬಂಡಿಯ ಮುಂದೆ ಒಂದು ಸಂಜೆ ನಿಲ್ಲಿಸಬೇಕೆಂದಿದ್ದೇನೆ. ಒಳಗಿರುವವನ ಕೂಲಿಗೆ ಹೊರಗೆ ಕಾಯುತ್ತಿರುವವರು ಇದ್ದಾರೆ. ಹೆಂಡತಿ, ಮಕ್ಕಳು, ತಾಯಿ ಇರಬಹುದು. ಅವನಿಂದ ಏಟು ತಿಂದವರೂ ಇರಬಹುದು. ಕೂಲಿ ಮುರಿದರೆ ತಾವು ಮುರಿಯುವುದು ಅವರೆಲ್ಲರ ಪಾಲನ್ನು. ರೊಟ್ಟಿ ಬೇಯಿಸುವವನು, ಮಗ್ಗ ನೇಯುವವನು, ಕುರ್ಚಿ ಮಾಡುವವನು, ತಮ್ಮಲ್ಲಿ ಎಷ್ಟು ಜನ ಇನ್ನೂ ಶಿಷ್ಯರಾಗಿಯೇ ಕೂತಿದ್ದಾರೋ ನನಗೆ ಗೊತ್ತಿಲ್ಲ. ಅವರಿಗೆ ಗಾದಿ ಅಂಗಡಿಯ ಅಕ್ಕ ಇಲ್ಲದಿರಬಹುದು. ಇದ್ದರೂ ಅವಳಿಗೆ ನನ್ನಷ್ಟು ಬಾಯಿ ಇಲ್ಲದಿರಬಹುದು.

ಆದ್ದರಿಂದ ನಾನು ಕೇಳುವುದು ಇಷ್ಟು. ಹುಸೇನಪೀರನನ್ನು ಕೆಲಸ ಬಲ್ಲವನೆಂದು ಬರೆಯಿರಿ, ಮೊದಲ ವರ್ಷ ಬೇಕಿದ್ದರೆ ತರಬೇತಿಗೆ ಬಿಟ್ಟುಬಿಡಿ, ನಾನು ಚೌಕಾಸಿಗೆ ಒಪ್ಪುವವಳು. ಆಮೇಲಿನ ಕೂಲಿಯನ್ನು ಆ ಲೆಕ್ಕದಲ್ಲಿ ಬಕ್ರೀದಿಗೆ ಮೊದಲು ಕೊಡಿ. ಅದರಲ್ಲಿ ಹನುಮಂತ್ರಾಯರ ಪಾಲನ್ನು ನೇರವಾಗಿ ನ್ಯಾಯಾಲಯಕ್ಕೆ ಕಟ್ಟಿ, ನಮ್ಮ ಕೈಗೆ ಬೇಡ. ಕಳಪೆ ಎಂಬ ವರದಿಯನ್ನು ಹರಿದು ಹಾಕಿ. ತಮ್ಮ ವಿಭಾಗದಲ್ಲಿ ಇಷ್ಟು ವರ್ಷ ಶಿಷ್ಯನೆಂದು ಇಟ್ಟುಕೊಂಡ ಪ್ರತಿಯೊಬ್ಬನ ಕೆಲಸವನ್ನೂ ಮತ್ತೊಮ್ಮೆ ನೋಡಿ. ಹುಸೇನಪೀರನನ್ನು ಪೊಲೀಸರ ಕಾವಲಿನಲ್ಲಿ ಒಂದು ದಿನ ಮಾನ್ವಿಗೆ ಕರೆತನ್ನಿ, ತಾವೂ ಬನ್ನಿ, ಗಾದಿಯೊಳಗೆ ಕೈ ಹಾಕಿ ನೋಡಿ, ಒಪ್ಪಿಗೆಯಾದರೆ ಕೂಲಿ ಅವನ ಕೈಗಿಡಿ. ಅಷ್ಟೂ ಮೂಲೆಯನ್ನು ಸಂಜೆಯೊಳಗೆ ಹೊಲಿದು ಕೊಡುತ್ತಾನೆ. ನಡುವೆ ಬೀಡಿಗೆ ಏಳದಂತೆ ನಾನು ನೋಡಿಕೊಳ್ಳುತ್ತೇನೆ.

ಈ ಪತ್ರವನ್ನು ದೇವದುರ್ಗಕ್ಕೆ ಒಯ್ದು ಓದಿ ಹೇಳಿದೆ. ಹನುಮಂತ್ರಾಯರು ಎರಡು ಕಡೆ ತಲೆ ಆಡಿಸಿದರು, ಒಂದು ಕಡೆ ನಕ್ಕರು. ಬಲಗೈಯಲ್ಲಿ ಪೆನ್ನು ಹಿಡಿದರೆ ಅದು ಕಾಗದಕ್ಕೆ ಮುಟ್ಟುವುದಿಲ್ಲ. ಎಡಗೈಯಲ್ಲಿ ಹಿಡಿದು ತಾವಾಗಿಯೇ ಒಂದು ಸಾಲು ಬರೆದು ಸಹಿ ಹಾಕಿದ್ದಾರೆ. ಅಕ್ಷರ ಸೊಟ್ಟಗಿವೆ, ಓದಲು ಬರುತ್ತದೆ. ನಾನು ಅದನ್ನು ತಿದ್ದಿಲ್ಲ.

ಇಂತಿ,
ತಮ್ಮ ಅಗ್ಗದ ಗಾದಿಗೆ ಸೋತು, ಸೋಲಿಸಿದವನ ಪರವಾಗಿಯೇ ವಕಾಲತ್ತಿಗೆ ನಿಂತಿರುವ
ಹೀರಾಬಿ
ಗಾದಿ ಅಂಗಡಿ, ತೀನ್ ಕಂದೀಲ್, ರಾಯಚೂರು

ಅವನಿಗೆ ನಾನಿನ್ನೂ ಮಾಫಿ ಮಾಡಿಲ್ಲ. ಅವನ ಕೂಲಿ ಕೊಡ್ರಿ.
ಹನುಮಂತ್ರಾಯ
ಮಿರ್ಚಿ ಬಂಡಿ, ದೇವದುರ್ಗ